ಮಕ್ಕಳ ದೇಶ, ಮಕ್ಕಳ ಕೋಶ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಜನರ ಬಾಯಲ್ಲಿ ಬಹುಕಾಲದಿಂದ ನಿಂತಿರುವ ಮಾತು. ಅದನ್ನು ನಾವು ಪ್ರಾಯಕ್ಕೆ ಬಂದವರಿಗೆ ಹೇಳುವುದುಂಟು. ಆರೇಳು ವರ್ಷದ ಮಗುವಿನ ವಿಷಯದಲ್ಲಿಯೂ ಆ ಮಾತು ಅಷ್ಟೇ ಸತ್ಯವೆಂಬುದನ್ನು ಮಾತ್ರ ಯೋಚಿಸುವವರು ವಿರಳ. ಮಗುವಿನ ದೇಶವೆಂದರೆ ಯಾವುದು? ಮನೆಯ ಹಿತ್ತಲು, ಕೆರೆಯ ಏರಿ, ಸಂತೆಯ ಬಯಲು, ಅಂಚೆಯ ಕಚೇರಿ, ಹೊಲದ ಬದು, ಹೊಳೆಯ ದಡ. ಈ ಪುಟ್ಟ ದೇಶವನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಕಂಡುದಕ್ಕೆಲ್ಲ ಹೆಸರಿಡಲು ಕಲಿತ ಮಗುವಿಗೆ ಕೋಶದ ಬಾಗಿಲು ತಾನಾಗಿಯೇ ತೆರೆಯುವುದು. ದೇಶವನ್ನು ಮರೆಸಿ ಕೋಶವನ್ನು ಮಾತ್ರ ಮುಂದಿಟ್ಟರೆ ಮಗು ಅಕ್ಷರವನ್ನು ನುಂಗಬಹುದು, ಅದು ಅರಗುವುದಿಲ್ಲ.

ಈ ವಿಚಾರವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಮೈಸೂರು ನಗರದ ಪಶ್ಚಿಮಕ್ಕೆ ಹರಡಿಕೊಂಡಿರುವ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆ ಪ್ರಾಥಮಿಕ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಒಂದು ವಿಶೇಷ ಸ್ಥಾನವನ್ನು ಪಡೆದಿದೆ. ಒಂದು ಕಡೆ ಕಾವೇರಿಯ ನಾಲೆಗಳ ಬತ್ತದ ಗದ್ದೆ, ಒಂದು ಕಡೆ ಹೊಗೆಸೊಪ್ಪಿನ ಹೊಲ, ಮತ್ತೊಂದು ಕಡೆ ನಾಗರಹೊಳೆಯ ಕಾಡು: ಹೀಗೆ ಬಗೆಬಗೆಯ ಬಾಳು ಸೇರಿರುವ ಈ ಸೀಮೆಯ ಅತ್ಯಂತ ಹಿಂದುಳಿದ ಮೂಲೆಯಲ್ಲಿಯೇ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ಒಂದು ಬೋಧನಕ್ರಮ ಕಣ್ತೆರೆಯಿತು. ಅದರ ಹೆಸರು ನಲಿ-ಕಲಿ.

ಕೋಟೆಯಲ್ಲಿ ಹುಟ್ಟಿದ ಪದ್ಧತಿ

1995ರಲ್ಲಿ ಯೂನಿಸೆಫ್ ಸಂಸ್ಥೆಯ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಮಂದಿ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಗೆ ಹೋದರು. ಜೆ. ಕೃಷ್ಣಮೂರ್ತಿಯವರು ಸ್ಥಾಪಿಸಿದ ಆ ವಿದ್ಯಾಕೇಂದ್ರದವರು ಸುತ್ತಣ ಹಳ್ಳಿಗಳ ಮಕ್ಕಳಿಗಾಗಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ಅವರು ನೋಡಿದರು. ನೋಡಿ ಬೆರಗಾಗಿ ಸುಮ್ಮನೆ ಬರಲಿಲ್ಲ. ಊರಿಗೆ ಹಿಂದಿರುಗಿ, ತಮ್ಮ ಮಕ್ಕಳಿಗೆ ತಕ್ಕ ಹಾಡು, ಕಥೆ, ಆಟ, ಚಿತ್ರಗಳನ್ನು ಕೂಡಿಸಿ, ಪಾಠದ ಕಾರ್ಡುಗಳನ್ನು ತಾವೇ ಕುಳಿತು ರಚಿಸಿದರು. ಕೆಲವೇ ಶಾಲೆಗಳಲ್ಲಿ ಮೊದಲಾದ ಪ್ರಯೋಗ ತಾಲ್ಲೂಕನ್ನು ದಾಟಿ ಜಿಲ್ಲೆಜಿಲ್ಲೆಗೆ ಹಬ್ಬಿತು. 2009-10ನೆಯ ಸಾಲಿನಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೂ, ಮರುವರ್ಷ ಮೂರನೆಯ ತರಗತಿಗೂ ಅದನ್ನು ಸರ್ಕಾರದವರು ವಿಸ್ತರಿಸಿದರು. ಮೇಲಿನಿಂದ ಇಳಿದು ಬಂದ ಸುತ್ತೋಲೆಯಿಂದಲ್ಲ, ಹಳ್ಳಿಯ ಉಪಾಧ್ಯಾಯರ ಕೈಕೆಲಸದಿಂದ ಒಂದು ಪದ್ಧತಿ ಮೂಡಿತೆಂಬುದು ಈ ಸೀಮೆಯವರು ಎದೆ ತಟ್ಟಿ ಹೇಳಿಕೊಳ್ಳಬಹುದಾದ ಸಂಗತಿ.

ಆ ಉಪಾಧ್ಯಾಯರ ಮುಂದಿದ್ದ ಕಷ್ಟವಾದರೂ ಏನು? ಸಣ್ಣ ಹಳ್ಳಿಯ ಶಾಲೆಯಲ್ಲಿ ಒಂದೇ ಕೊಠಡಿ, ಒಬ್ಬರೇ ಉಪಾಧ್ಯಾಯರು, ಮೂರು ತರಗತಿಯ ಮಕ್ಕಳು. ಒಂದನೆಯ ತರಗತಿಗೆ ಪಾಠ ಹೇಳುತ್ತಿದ್ದರೆ ಉಳಿದೆರಡು ತರಗತಿಗಳು ಕೈಕಟ್ಟಿ ಕುಳಿತಿರಬೇಕು. ಆ ಕಡೆ ತಿರುಗಿದರೆ ಈ ಕಡೆ ಗದ್ದಲ. ಬುದ್ಧಿ ಚುರುಕಾದ ಮಗುವಿಗೆ ಬೇಸರ, ನಿಧಾನದ ಮಗುವಿಗೆ ಭಯ. ಈ ತೊಡಕನ್ನು ಬಿಡಿಸಲು ಅವರು ಪಾಠವನ್ನು ಒಂದು ಏಣಿಯಾಗಿ ಮಾಡಿದರು. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದು ಗುರುತು, ಆ ಗುರುತಿನ ಕಾರ್ಡು. ಮಗು ತಾನು ನಿಂತ ಮೆಟ್ಟಿಲನ್ನು ತಾನೇ ಕಂಡುಕೊಂಡು, ಕಾರ್ಡನ್ನು ತಾನೇ ತೆಗೆದುಕೊಂಡು ಬರುವುದು. ಕೆಲವರು ಉಪಾಧ್ಯಾಯರ ಬಳಿ ಕುಳಿತು ಕಲಿಯುವರು, ಕೆಲವರು ಬಲ್ಲ ಗೆಳೆಯರಿಂದ ಕಲಿಯುವರು, ಕೆಲವರು ತಮ್ಮಷ್ಟಕ್ಕೆ ಅಭ್ಯಾಸ ಮಾಡುವರು. ತರಗತಿಯ ಬೇಲಿ ಕಳಚಿತು. ಎಲ್ಲರೂ ಒಂದೇ ಹೆಜ್ಜೆ ಇಡಬೇಕೆಂಬ ಕಟ್ಟು ಸಡಿಲವಾಯಿತು.

ಅಕ್ಷರವನ್ನು ಕಲಿಸುವ ಕ್ರಮದಲ್ಲಿಯೂ ಅವರು ಧೈರ್ಯವಾಗಿ ಹಳೆಯ ಜಾಡನ್ನು ಬಿಟ್ಟರು. ಅ, ಆ, ಇ, ಈ ಎಂದು ಮಾಲೆಯನ್ನು ಉರುಹಚ್ಚಿಸುವುದರ ಬದಲು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಮೊದಲು ಮಾಡಿದರು. ಈ ಐದನ್ನು ಬಲ್ಲ ಮಗು ಆಗಲೇ ಅರಸ, ಅಗಸ, ಸರ, ದರ, ಗರಗಸ ಎಂದು ಓದಬಲ್ಲುದು. ಓದುವುದೆಂದರೆ ಅರ್ಥವುಳ್ಳ ಮಾತನ್ನು ಕಾಗದದ ಮೇಲೆ ಗುರುತಿಸುವುದು ಎಂಬ ತಿಳಿವಳಿಕೆ ಮೊದಲ ತಿಂಗಳಲ್ಲಿಯೇ ಅದಕ್ಕೆ ಬರುವುದು. ಹುಣಸೂರು ಮರದ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿಯ ಸಾಮಿಲ್ಲಿನ ಮುಂದೆ ನಿಂತು ದಿಮ್ಮಿ ಸೀಳುವುದನ್ನು ನೋಡಿದ ಹುಡುಗನಿಗೆ ಗರಗಸವೆಂಬ ನಾಲ್ಕಕ್ಷರ ಎಷ್ಟು ಹತ್ತಿರದ್ದಾಗಿ ಕಾಣುವುದೆಂಬುದನ್ನು ಬೇರೆ ಹೇಳಬೇಕೆ?

ಬಿಟ್ಟಲ್ಲಿಂದ ಮುಂದಕ್ಕೆ

ಏಣಿಯ ಪದ್ಧತಿಯ ಮುಖ್ಯ ಗುಣವನ್ನು ತಿಳಿಯಬೇಕಾದರೆ ಈ ತಾಲ್ಲೂಕುಗಳ ಬಡವರ ವರ್ಷಚಕ್ರವನ್ನು ನೋಡಬೇಕು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಮಳೆಗಾಲ ಬಂತೆಂದರೆ ಹೊಗೆಸೊಪ್ಪಿನ ಕೆಲಸ. ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸಿ ಹಗಲಿರುಳು ಬೆಂಕಿ ನೋಡಿಕೊಳ್ಳುವುದು. ಇಡೀ ಮನೆಯೇ ಅದರ ಹಿಂದೆ. ದೊಡ್ಡವರು ಹೊಲದಲ್ಲಿದ್ದರೆ ಕೈಗೂಸನ್ನು ನೋಡಿಕೊಳ್ಳಲು ದೊಡ್ಡ ಮಗು ಮನೆಯಲ್ಲಿ ನಿಲ್ಲುವುದು. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಜೇನುಕುರುಬರೂ ಇತರ ಬುಡಕಟ್ಟಿನವರೂ ಕಾಫಿ ಹಣ್ಣಿನ ಕೊಯಿಲಿಗೆ ಕೊಡಗಿನ ತೋಟಗಳಿಗೆ ಹೋಗುವರು. ಮಕ್ಕಳೂ ಅವರ ಸಂಗಡ ಹೋಗುವುದುಂಟು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಶಾಲೆ ತಪ್ಪುವುದು.

ಇಂಥ ಮಗು ಹಿಂದಿರುಗಿ ಬಂದಾಗ ಹಳೆಯ ಕ್ರಮದ ಶಾಲೆ ಏನು ಮಾಡುತ್ತಿತ್ತು? ಪಾಠ ಹತ್ತು ಪುಟ ಮುಂದೆ ಹೋಗಿರುತ್ತಿತ್ತು. ಮಗುವಿಗೆ ಏನೂ ತಿಳಿಯದು, ಕೇಳಲು ನಾಚಿಕೆ, ನಾಲ್ಕು ದಿನ ಹಿಂದಿನ ಸಾಲಿನಲ್ಲಿ ಕುಳಿತು ಐದನೆಯ ದಿನ ಬರುವುದನ್ನೇ ಬಿಡುತ್ತಿತ್ತು. ನಾವು ಅದನ್ನು ದಡ್ಡತನವೆಂದೋ, ತಂದೆತಾಯಿಗಳ ಉದಾಸೀನವೆಂದೋ ಕರೆದು ಕೈತೊಳೆದುಕೊಳ್ಳುತ್ತಿದ್ದೆವು. ಏಣಿಯ ಶಾಲೆಯಲ್ಲಾದರೆ ಮಗು ತಾನು ಬಿಟ್ಟುಹೋದ ಮೆಟ್ಟಿಲಿನ ಮೇಲೆಯೇ ಮತ್ತೆ ಕಾಲಿಟ್ಟು ಮುಂದಕ್ಕೆ ಹತ್ತುವುದು. ಶಾಲೆ ಅದನ್ನು ಕಾದಿರುವುದು. ಬಡವರ ಮಗುವಿನ ಪಾಲಿಗೆ ಇದಕ್ಕಿಂತ ದೊಡ್ಡ ನ್ಯಾಯ ಮತ್ತಾವುದು?

ಒಂದು ದಿನದ ಕಲಿಕೆ

ಈ ಕ್ರಮವನ್ನು ಮನಸ್ಸಿಟ್ಟು ನಡೆಸುವ ಶಾಲೆಯ ದಿನಚರಿಯನ್ನು ನೋಡಿದರೆ ಕಲಿಕೆಯು ಎಷ್ಟು ಸಹಜವಾದುದೆಂಬುದು ಗೊತ್ತಾಗುವುದು. ಮಗು ಬಂದೊಡನೆ ಹಾಜರಿಯ ಪಟ್ಟಿಯಲ್ಲಿ ತನ್ನ ಹೆಸರನ್ನು ತಾನೇ ಹುಡುಕಿ ಗುರುತು ಹಾಕುವುದು. ಓದಿನ ಮೊದಲ ಪಾಠ ಅದೇ. ಬಳಿಕ ಆಕಾಶವನ್ನು ನೋಡಿ ಹವಾಮಾನದ ಪಟ್ಟಿಯಲ್ಲಿ ಬಿಸಿಲೋ ಮೋಡವೋ ಮಳೆಯೋ ಬರೆಯುವುದು. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆ ಎಟಕುವಂತೆ ಸುತ್ತಲೂ ಕಪ್ಪುಹಲಗೆ. ಅದರಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಆದ ಪಾಲು. ಮೇಲೆ ದಾರದ ಚಪ್ಪರ. ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದದ ಹಕ್ಕಿಗಳು ಅಲ್ಲಿ ತೂಗಾಡುವುವು. ಮದುವೆಮನೆಗೆ ಹಾಕುವ ಚಪ್ಪರವನ್ನು ಮಕ್ಕಳ ಕೆಲಸಕ್ಕೆ ಹಾಕಿದರೆಂಬುದು ಎಂಥ ಸೊಗಸಾದ ಕಲ್ಪನೆ!

ಮಧ್ಯಾಹ್ನದ ಬಿಸಿಯೂಟವೂ ಪಾಠವೇ. ಒಂದರಿಂದ ಐದನೆಯ ತರಗತಿಯವರೆಗಿನ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯವೆಂಬುದು ಗೊತ್ತುಮಾಡಿದ ಅಳತೆ. ಇಂದು 32 ಮಕ್ಕಳು ಬಂದಿದ್ದರೆ ಅಡುಗೆಯವರು ಎಷ್ಟು ಅಕ್ಕಿ ಅಳೆಯಬೇಕು? ಹಲಗೆಯ ಮೇಲೆ ಲೆಕ್ಕ ಮಾಡಿ 3 ಕಿಲೋ 200 ಗ್ರಾಂ ಎಂದು ಹೇಳಿದ ಹುಡುಗಿ ತಕ್ಕಡಿಯಲ್ಲಿ ಅದನ್ನು ತೂಗಿ ನೋಡಿದಾಗ ಗಣಿತವು ಭೂತವಲ್ಲ, ಅನ್ನದ ಲೆಕ್ಕವೆಂಬುದು ಅವಳಿಗೆ ಮನದಟ್ಟಾಗುವುದು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕೆಲಸದ ಮೂಲಕ ವಿದ್ಯೆ ಎಂಬ ವಿಚಾರವನ್ನು ದೇಶದ ಮುಂದಿಟ್ಟಾಗ ಅನೇಕರು ಅದನ್ನು ಆಗದ ಮಾತೆಂದರು. ರಾಟೆಯೇ ಇರಲಿ, ತಕ್ಕಡಿಯೇ ಇರಲಿ, ತತ್ತ್ವವೊಂದೇ: ಕೈ ಮಾಡಿದ್ದನ್ನು ತಲೆ ಮರೆಯುವುದಿಲ್ಲ.

ಗೋಡೆಯ ಆಚೆ

ಇಷ್ಟು ಹೇಳಿದ ಮೇಲೆ ಹೊರಸಂಚಾರದ ಮಾತಿಗೆ ಬರುವುದು ಸುಲಭ. ಶಾಲೆಯೊಳಗೆ ಹವಾಮಾನದ ಪಟ್ಟಿ ಬರೆಯುವ ಮಗುವಿಗೆ ಆಕಾಶವೇ ಪುಸ್ತಕ. ಹಾಗಾದ ಮೇಲೆ ಶಾಲೆಯ ಗೋಡೆಯೇ ಕಲಿಕೆಯ ಎಲ್ಲೆಯಾಗಬೇಕಾದ ಅಗತ್ಯವೇನು? ಉಪಾಧ್ಯಾಯರು ಮಕ್ಕಳನ್ನು ಕರೆದುಕೊಂಡು ಒಂದೆರಡು ಮೈಲಿ ನಡೆದು, ಒಂದು ವಸ್ತುವನ್ನು ನೋಡಿ, ಕೇಳಿ, ಎಣಿಸಿ, ಹಿಂದಿರುಗಿ ಅದನ್ನು ಕುರಿತು ಮಾತಾಡಿ ಬರೆಯುವುದೇ ಹೊರಸಂಚಾರ. ಅದಕ್ಕೆ ಹಣ ಬೇಡ, ಮೋಟಾರು ಬೇಡ. ಈ ನಾಲ್ಕು ತಾಲ್ಲೂಕುಗಳಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಹೆಜ್ಜೆಹೆಜ್ಜೆಗೂ ಬಿದ್ದಿರುವುದು.

ಕೃಷ್ಣರಾಜನಗರದ ಮಗುವನ್ನು ಹಳೆಯ ಎಡತೊರೆಯ ಅರ್ಕೇಶ್ವರನ ಗುಡಿಯ ಬಳಿ ಹೊಳೆಯ ದಡಕ್ಕೆ ಕರೆದೊಯ್ಯಲಿ. ಕಾವೇರಿ ಇಲ್ಲಿ ಎಡಕ್ಕೆ ತಿರುಗುವುದರಿಂದ ಊರಿಗೆ ಎಡತೊರೆಯೆಂಬ ಹೆಸರಾಯಿತೆಂದು ಹೇಳುವರು. ಅದನ್ನು ಮಗು ತನ್ನ ಎಡಗೈ ಚಾಚಿ ತಾನೇ ಪರೀಕ್ಷಿಸಲಿ. 1924ರಲ್ಲಿ ಕಾವೇರಿಗೆ ಮಹಾಪೂರ ಬಂದ ಮೇಲೆ ಹೊಳೆಯಿಂದ ದೂರದಲ್ಲಿ ಹೊಸ ಊರನ್ನು ಯೋಜಿಸಿ ಕಟ್ಟಿ, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ತಾನು ದಿನವೂ ಓಡಾಡುವ ಬೀದಿ ಅಲ್ಲಿಗೆ ಹೇಗೆ ಬಂತೆಂಬುದನ್ನು ತಿಳಿದ ಮಗು ಚರಿತ್ರೆಯ ಮೊದಲ ಪಾಠವನ್ನು ಕಲಿತಂತೆಯೇ. ಚುಂಚನಕಟ್ಟೆಯ ಬಳಿಯ ಹಳ್ಳಿಗಳ ಮಕ್ಕಳಿಗೆ ಸಂಕ್ರಾಂತಿಯ ಕಾಲದ ದನಗಳ ಜಾತ್ರೆಗಿಂತ ದೊಡ್ಡ ಪಾಠಶಾಲೆ ಬೇಕೆ? ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ರೈತನ ಮುಂದೆ ಎಂಥ ಪಂಡಿತನೂ ಒಂದು ಗಳಿಗೆ ವಿದ್ಯಾರ್ಥಿಯಾಗಬಹುದು.

ಹುಣಸೂರಿನ ಸೇತುವೆಯ ಮೇಲೆ ನಿಂತ ಮಕ್ಕಳು ಲಕ್ಷ್ಮಣತೀರ್ಥದ ನೀರನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ನೋಡಲಿ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿದ ಹೊಳೆ ಕಾಡನ್ನು ದಾಟಿ, ಹನಗೋಡಿನ ಕಟ್ಟೆಯಲ್ಲಿ ಗದ್ದೆಗಳಿಗೆ ನೀರು ಕೊಟ್ಟು, ಪಟ್ಟಣವನ್ನು ಮುಟ್ಟುವ ಹೊತ್ತಿಗೆ ಹೇಗಾಗಿದೆ? ಊರಿನ ಚರಂಡಿ ಎಲ್ಲಿಗೆ ಸೇರುವುದು? ಈ ಪ್ರಶ್ನೆಯನ್ನು ಎಂಟು ವರ್ಷದವರು ಕೇಳಿದರೆ ಐವತ್ತು ವರ್ಷದವರಾದ ನಾವು ಉತ್ತರ ಹುಡುಕಬೇಕಾಗುವುದು.

ಪಿರಿಯಾಪಟ್ಟಣದ ಕಡೆ ಬೆಟ್ಟದಪುರವುಂಟು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿರುವ ಮಕ್ಕಳು ಮೇಲೆ ಹತ್ತಿ ನಾಲ್ಕು ದಿಕ್ಕನ್ನು ಕಂಡರೆ ಭೂಪಟವೆಂದರೇನೆಂದು ಬೇರೆ ಹೇಳಿಕೊಡಬೇಕಾಗಿಲ್ಲ. ಬೈಲಕುಪ್ಪೆಯ ಸುತ್ತಿನವರು 1961ರಿಂದ ನೆಲೆಸಿರುವ ಟಿಬೆಟ್ಟಿನ ಜನರನ್ನು ದಿನವೂ ಕಾಣುವರು. ಕೆಂಪು ಬಟ್ಟೆಯ ಈ ಸನ್ಯಾಸಿಗಳು ಎಲ್ಲಿಂದ ಬಂದರು, ಏಕೆ ಬಂದರು ಎಂದು ಕೇಳುತ್ತ ಕೇಳುತ್ತ ಮಗು ಹಿಮಾಲಯವನ್ನೇ ದಾಟಿಬಿಡುವುದು.

ಹೆಗ್ಗಡದೇವನಕೋಟೆಯ ಮಕ್ಕಳಿಗೆ ಕಬಿನಿಯುಂಟು. 1974ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನೀರು ಏರುವುದನ್ನು ನೋಡಿದವರು ತಮ್ಮ ಹವಾಮಾನದ ಪಟ್ಟಿಯನ್ನು ತೆರೆಯಲಿ. ಇಲ್ಲಿ ವಾರದಿಂದ ಬಿಸಿಲೆಂದು ಬರೆದಿದೆ, ಆದರೂ ಹೊಳೆ ತುಂಬಿತು; ನೀರು ಎಲ್ಲಿಂದ ಬಂತು? ವಯನಾಡಿನ ಬೆಟ್ಟಗಳಲ್ಲಿ ಮಳೆಯಾದುದರಿಂದ. ಮಗುವಿನ ಕೈಯ ಪಟ್ಟಿ ಹೀಗೆ ನೆರೆಯ ರಾಜ್ಯದವರೆಗೂ ಚಾಚಿಕೊಳ್ಳುವುದು. ಆ ನೀರಿನಡಿಯಲ್ಲಿ ಮುಳುಗಿದ ಹಳ್ಳಿಗಳ ಕಥೆಯನ್ನು ಅಜ್ಜ ಅಜ್ಜಿಯರು ಹೇಳಬಲ್ಲರು, ಅದೂ ಪಾಠವೇ.

ಇನ್ನು ಹಾಡಿಯ ಮಗುವಿನ ಮಾತು. ಮನೆಯಲ್ಲಿ ಆಡುವ ನುಡಿ ಬೇರೆ, ಪುಸ್ತಕದ ಕನ್ನಡ ಬೇರೆ. ಆದುದರಿಂದ ತರಗತಿಯಲ್ಲಿ ಅದು ಬಾಯಿ ಬಿಡುವುದಿಲ್ಲ. ಅದನ್ನು ಮರದ ಕೆಳಗೆ ಕರೆದುಕೊಂಡು ಹೋಗಿರಿ. ಎತ್ತರದ ಕೊಂಬೆಗೆ ಒಂದೇ ದೊಡ್ಡ ಹುಟ್ಟಾಗಿ ತೂಗುವುದು ಹೆಜ್ಜೇನು, ಪೊಟರೆಯೊಳಗೆ ಸಾಲಾಗಿ ಹುಟ್ಟು ಕಟ್ಟುವುದು ತುಡುವೆ, ಪೊದೆಯ ಕಡ್ಡಿಗೆ ಅಂಟಿಕೊಂಡ ಪುಟ್ಟ ಹುಟ್ಟು ಕೋಲುಜೇನು: ಈ ಭೇದಗಳನ್ನು ಜೇನುಕುರುಬರ ಹುಡುಗ ತನ್ನ ನುಡಿಯ ಹೆಸರುಗಳಿಂದ ಹೇಳಲು ತೊಡಗಿದರೆ ಊರಿನ ಮಕ್ಕಳು ಬಾಯಿ ತೆರೆದು ಕೇಳುವರು. ಉಪಾಧ್ಯಾಯರೂ ಕೇಳುವರು. ಒಳಗೆ ಕೊನೆಯ ಸಾಲಿನಲ್ಲಿದ್ದವನು ಹೊರಗೆ ಗುರುವಾದನು. ಮರುದಿನ ಅದೇ ಮಾತುಗಳು ಹಲಗೆಯ ಮೇಲೆ ಕನ್ನಡ ಅಕ್ಷರದಲ್ಲಿ ಮೂಡಿದಾಗ ಶಾಲೆ ತನ್ನದೆಂಬ ಭಾವನೆ ಅವನಿಗೆ ಹುಟ್ಟುವುದು. ಹೊರಸಂಚಾರವು ವಿನೋದವಲ್ಲ, ನ್ಯಾಯವೆಂದು ನಾವು ಹೇಳುವುದು ಈ ಅರ್ಥದಲ್ಲಿ.

ಪ್ರವಾಸ ಬೇರೆ, ಸಂಚಾರ ಬೇರೆ

ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ದೂರದೂರುಗಳಿಗೆ ಹೋಗುವ ಶಾಲಾ ಪ್ರವಾಸವನ್ನು ನಾವು ಬೇಡವೆನ್ನುವುದಿಲ್ಲ. ಮೈಸೂರಿನ ಅರಮನೆಯನ್ನೂ, 1892ರಲ್ಲಿ ಸ್ಥಾಪಿತವಾದ ಮೃಗಾಲಯವನ್ನೂ ಮಕ್ಕಳು ನೋಡಲೇಬೇಕು. ಆದರೆ ಪ್ರವಾಸಕ್ಕೆ ಹಣ ತೆರಬೇಕು. ತೆರಲಾರದ ಮನೆಯ ಮಗು ಬಸ್ಸು ಹೊರಡುವುದನ್ನು ನೋಡುತ್ತ ಊರಲ್ಲೇ ನಿಲ್ಲುವುದು. ನಡೆದು ಹೋಗುವ ಸಂಚಾರದಲ್ಲಿ ಹಿಂದೆ ಉಳಿಯುವವರಿಲ್ಲ. ನೂರು ಮೈಲಿಯ ಒಂದು ಪ್ರವಾಸಕ್ಕಿಂತ ಒಂದು ಮೈಲಿಯ ಹತ್ತು ಸಂಚಾರಗಳು ಹೆಚ್ಚು ಕಲಿಸುವುವು. ಏಕೆಂದರೆ ಕಂಡ ವಸ್ತುವನ್ನು ಮಗು ಮರುದಿನವೂ ಹೋಗಿ ನೋಡಬಹುದು, ಸಂಶಯವನ್ನು ಪರಿಹರಿಸಿಕೊಳ್ಳಬಹುದು.

ಉಪಾಧ್ಯಾಯರು ಇದಕ್ಕೆ ಆಕ್ಷೇಪಣೆ ತೆಗೆಯಬಹುದು. ಅದರಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ಹೊಳೆಯ ಬಳಿ ಆಳ, ಕಾಡಿನ ಅಂಚಿನಲ್ಲಿ ಆನೆ, ರಸ್ತೆಯಲ್ಲಿ ಲಾರಿ; ಏನಾದರೂ ಆದರೆ ಹೊಣೆ ಯಾರದು? ಬರೆಯಬೇಕಾದ ದಾಖಲೆಗಳು ಬೇರೆ ಮೇಜಿನ ಮೇಲೆ ಕಾದಿರುವುವು. ಒಬ್ಬರೇ ಉಪಾಧ್ಯಾಯರ ಹೆಗಲಿಗೆ ಇವೆಲ್ಲವನ್ನೂ ಹೊರಿಸಿ, ಅವರು ಮಕ್ಕಳನ್ನು ಹೊರಗೆ ಕರೆದೊಯ್ಯುವುದಿಲ್ಲವೆಂದು ದೂರುವುದು ನ್ಯಾಯವಲ್ಲ. ಇದಕ್ಕೆ ಉಪಾಯವು ಊರಿನಲ್ಲಿಯೇ ಇದೆ. ಪ್ರತಿ ಸರ್ಕಾರಿ ಶಾಲೆಗೂ ತಂದೆತಾಯಿಗಳಿಂದ ಕೂಡಿದ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ಅದರ ಸದಸ್ಯರಲ್ಲಿ ಇಬ್ಬರು ಸಂಚಾರದ ದಿನ ಸಂಗಡ ನಡೆಯಲಿ. ದಾರಿಯನ್ನು ಮೊದಲೇ ನೋಡಿಬರಲಿ. ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯವರ ಸಲಹೆ ಪಡೆಯಲಿ. ಹೊಣೆ ಹಂಚಿಹೋದರೆ ಭಯವೂ ಹಂಚಿಹೋಗುವುದು.

ಅಧಿಕಾರಿಗಳಿಗೆ ನಮ್ಮ ಬಿನ್ನಹ ಇಷ್ಟೆ. ಶಾಲೆಯ ತನಿಖೆಗೆ ಹೋದಾಗ ಪುಸ್ತಕಗಳ ಲೆಕ್ಕವನ್ನು ನೋಡುವಂತೆಯೇ ಮಕ್ಕಳನ್ನು ಒಂದು ಪ್ರಶ್ನೆ ಕೇಳಿರಿ: ಈ ತಿಂಗಳು ಎಲ್ಲಿಗೆ ಹೋಗಿದ್ದಿರಿ, ಏನನ್ನು ಕಂಡಿರಿ? ಉತ್ತರ ಬಂದರೆ ಶಾಲೆ ಬದುಕಿದೆ. ಕಾರ್ಡುಗಳು ಹರಿದು, ಏಣಿ ಮಾಸಿ, ಚಪ್ಪರ ಬರಿದಾಗಿ, ಪಟ್ಟಿಗಳು ಮಾತ್ರ ತುಂಬಿದ್ದರೆ ಪದ್ಧತಿಯ ಹೆಸರು ಉಳಿದು ಪ್ರಾಣ ಹೋಗಿದೆಯೆಂದು ತಿಳಿಯಬೇಕು. ಉಪಾಧ್ಯಾಯರ ಉತ್ಸಾಹದಿಂದ ಹುಟ್ಟಿದ್ದನ್ನು ನಮೂನೆಯ ಕಾಗದಗಳಿಂದ ಉಳಿಸಲಾಗದು.

ಮತ್ತೊಂದು ಮುಖ್ಯ ಮಾತು. ಮಕ್ಕಳು ಕಡಮೆಯಾದರೆಂಬ ಕಾರಣದಿಂದ ಸಣ್ಣ ಶಾಲೆಗಳನ್ನು ದೂರದ ದೊಡ್ಡ ಶಾಲೆಗೆ ಸೇರಿಸಬೇಕೆಂಬ ಮಾತು ಆಗಾಗ ಏಳುವುದು. ಲೆಕ್ಕದ ದೃಷ್ಟಿಯಿಂದ ಅದು ಸರಿಯೆಂದು ತೋರಬಹುದು. ಆದರೆ 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ನೆರೆಹೊರೆಯ ಶಾಲೆಯನ್ನು ಹೇಳಿರುವುದು ಸುಮ್ಮನೆ ಅಲ್ಲ. ಶಾಲೆ ಊರು ಬಿಟ್ಟರೆ ಮಗುವಿನ ದೇಶವೂ ಪಾಠದಿಂದ ಹೊರಗಾಗುವುದು. ಹಾಡಿಯ ಮಗುವಂತೂ ಆ ದೂರವನ್ನು ದಾಟಲಾರದೆ ಶಾಲೆಯಿಂದಲೇ ಹೊರಗಾಗಬಹುದು. ಒಂದೇ ಕೊಠಡಿಯಲ್ಲಿ ಮೂರು ತರಗತಿಗಳನ್ನು ಚೆನ್ನಾಗಿ ನಡೆಸಬಹುದೆಂದು ತೋರಿಸಿಕೊಡಲು ಹೊರಟವರು ಹೆಗ್ಗಡದೇವನಕೋಟೆಯ ಉಪಾಧ್ಯಾಯರು. ಅವರ ಸೀಮೆಯಲ್ಲಿಯೇ ಸಣ್ಣ ಶಾಲೆಯನ್ನು ಕೆಲಸಕ್ಕೆ ಬಾರದುದೆಂದು ಮುಚ್ಚುವುದಾದರೆ ಅದಕ್ಕಿಂತ ವಿಪರ್ಯಾಸ ಬೇರೊಂದಿಲ್ಲ.

ಪಟ್ಟಣದ ಮಹನೀಯರೂ ಈ ಕೆಲಸದಲ್ಲಿ ಕೈಗೂಡಿಸಬಹುದು. ಅಂಚೆಯ ಕಚೇರಿಯವರು ಒಂದು ಗಂಟೆ ಬಿಡುವು ಮಾಡಿಕೊಂಡು ಕಾಗದವೊಂದು ಹೇಗೆ ಪಯಣಿಸುವುದೆಂದು ತೋರಿಸಲಿ. ಮಕ್ಕಳು ತಮ್ಮ ವಿಳಾಸಕ್ಕೆ ತಾವೇ ಒಂದು ಕಾರ್ಡು ಬರೆದು ಹಾಕಿ ಅದು ಬರುವ ದಿನವನ್ನು ಎಣಿಸಲಿ. ಕೃಷ್ಣರಾಜನಗರದ ರೈಲು ನಿಲ್ದಾಣ, ಹುಣಸೂರಿನ ಮರದ ಮಂಡಿ, ಪಿರಿಯಾಪಟ್ಟಣದ ಸಂತೆ, ಕೋಟೆಯ ಗ್ರಂಥಾಲಯ, ಇವೆಲ್ಲಕ್ಕೂ ಬಾಗಿಲುಂಟು; ಆ ಬಾಗಿಲನ್ನು ಸಾಲಾಗಿ ಬರುವ ಮೂವತ್ತು ಮಕ್ಕಳಿಗೆ ನಗುಮುಖದಿಂದ ತೆರೆಯುವುದಕ್ಕೆ ಖರ್ಚೇನೂ ಇಲ್ಲ. ನಮ್ಮ ಊರುಗಳನ್ನು ನಾಳೆ ಆಳುವವರು, ದುಡಿದು ಸಾಕುವವರು ಈ ಮಕ್ಕಳೇ. ತಮ್ಮ ಹೊಳೆ, ಕೆರೆ, ಕಾಡು, ಕಸುಬುಗಳನ್ನು ಚಿಕ್ಕಂದಿನಲ್ಲಿಯೇ ಹೆಸರು ಹಿಡಿದು ಬಲ್ಲವರು ದೊಡ್ಡವರಾದ ಮೇಲೆ ಅವನ್ನು ಹಾಳಾಗಲು ಬಿಡಲಾರರು.